ಬ್ಯಾಂಕ್ ಉಳಿಸಿದ ದುಡ್ಡಿನ ಲೆಕ್ಕವನ್ನು ಸಂಸದರ ಹತ್ತಿರ ಕೇಳುವುದು ಹೇಗೆ: ಕಡೂರಿನಿಂದ ಒಂದು ಕೈಪಿಡಿ

ದೊಡ್ಡವರ ಸಾಲ ಮುಳುಗಿ ಬ್ಯಾಂಕಿನ ಬಂಡವಾಳ ಕರಗಿದಾಗ ಅದನ್ನು ಮತ್ತೆ ತುಂಬಿದ್ದು ಯಾರ ದುಡ್ಡು? ತುಂಬೋಣ ಅಂತ ತೀರ್ಮಾನ ಮಾಡಿದವರು ಯಾರು? ಹಾಗೆ ಕರಗಲು ಬಿಟ್ಟ ಹೊಣೆ ಯಾರದು? ಈ ಪ್ರಶ್ನೆಗಳನ್ನು ಸರಿಯಾದ ಜಾಗಕ್ಕೆ, ಬರಹದಲ್ಲಿ, ಉತ್ತರ ಬರುವ ಹಾಗೆ ಕೇಳುವ ದಾರಿಯನ್ನು ಇಲ್ಲಿ ಹೇಳುತ್ತೇನೆ. ನಾನು ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೆಚ್ಚು ಕಾಲ ಕೂತದ್ದು ಕೃಷಿ ಸಾಲದ ಮೇಜಿನಲ್ಲಿ, ಕಡೂರು, ಬೀರೂರು, ಅರಸೀಕೆರೆ, ತರೀಕೆರೆ ಸುತ್ತಮುತ್ತ. ಈಗ ಮನೆಗೆ ಬಂದವರಿಗೆ ಅರ್ಜಿ ಬರೆದುಕೊಡುತ್ತೇನೆ.

ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ನೋಟೀಸು ಇರುತ್ತದೆ. ಕೊಬ್ಬರಿ ಬೆಲೆ ಬಿದ್ದ ವರ್ಷ ಬೆಳೆ ಸಾಲ ಕಟ್ಟಲಾಗದವರು, ಒಡವೆ ಅಡವಿಟ್ಟು ಹರಾಜಿನ ಕಾಗದ ಬಂದವರು. "ಸಾರ್, ನಂದು ಎಂಬತ್ ಸಾವ್ರ. ಸಾವ್ರಾರು ಕೋಟಿ ಮುಳುಗ್ಸಿದೋರ್ದು ಮನ್ನಾ ಅಂತೆ, ನನಗ್ಯಾಕೆ ನೋಟೀಸು?" ಅನ್ನುತ್ತಾರೆ. ಆ ಸಿಟ್ಟು ನ್ಯಾಯವಾದದ್ದು. ಆದರೆ ಅದನ್ನು ಶಾಖೆಯ ಮ್ಯಾನೇಜರ್ ಮೇಲೆ ತೀರಿಸಿಕೊಂಡರೆ ಅದು ಅಲ್ಲಿಗೇ ಮುಗಿಯುತ್ತದೆ. ಐನೂರು ಕೋಟಿ ಸಾಲ ಕೊಟ್ಟದ್ದು ಆ ಮ್ಯಾನೇಜರ್ ಅಲ್ಲ. ಬ್ಯಾಂಕಿಗೆ ಸರ್ಕಾರ ಬಂಡವಾಳ ಹಾಕಿದ್ದೂ ಅವರ ಸಹಿಯಿಂದಲ್ಲ. ಅದು ಬಜೆಟ್ಟಿನ ಕೆಲಸ, ಬಜೆಟ್ಟಿಗೆ ಒಪ್ಪಿಗೆ ಕೊಡುವುದು ಲೋಕಸಭೆ, ಲೋಕಸಭೆಗೆ ನಾವು ಕಳಿಸಿದವರು ಒಬ್ಬರಿದ್ದಾರೆ. ಕೇಳಬೇಕಾದದ್ದು ಅವರನ್ನು.

ಮೂರು ಲೆಕ್ಕಗಳನ್ನು ಬೆರೆಸಬೇಡಿ

ಕೇಳುವ ಮುಂಚೆ ಮೂರು ಲೆಕ್ಕಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ. ಇವು ಬೆರೆತರೆ ಎದುರಿನವರು ಒಂದೇ ವಾಕ್ಯದಲ್ಲಿ ನಿಮ್ಮ ಬಾಯಿ ಮುಚ್ಚಿಸುತ್ತಾರೆ.

ಒಂದು, ಸಾಲ ಮನ್ನಾ. ಇಲ್ಲಿ ಸಾಲಗಾರನ ಋಣವೇ ತೀರುತ್ತದೆ, ಆ ಹಣವನ್ನು ಬ್ಯಾಂಕಿಗೆ ಸರ್ಕಾರ ಕಟ್ಟಿಕೊಡುತ್ತದೆ. 2008ರ ಬಜೆಟ್ಟಿನಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ ಪ್ರಕಟಿಸಿದ್ದು ಇದು. 2018ರ ಜುಲೈ 5ರಂದು ಹಾಸನ ಜಿಲ್ಲೆಯವರೇ ಆದ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ 34,000 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿದ್ದೂ ಇದೇ.

ಎರಡು, ರೈಟ್ ಆಫ್. ಕಂತು 90 ದಿನ ಬಾಕಿಯಾದರೆ ಸಾಲ ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗುತ್ತದೆ (ಬೆಳೆ ಸಾಲಕ್ಕೆ ಹಂಗಾಮಿನ ಲೆಕ್ಕ ಬೇರೆ). ಆಮೇಲೆ ಬ್ಯಾಂಕ್ ತನ್ನ ಲಾಭದಲ್ಲಿ ವರ್ಷ ವರ್ಷ ಒಂದು ಪಾಲನ್ನು ಆ ನಷ್ಟಕ್ಕಾಗಿ ತೆಗೆದಿಡಬೇಕು. ಪೂರ್ತಿ ತೆಗೆದಿಟ್ಟ ಮೇಲೆ, ಸಾಮಾನ್ಯವಾಗಿ ನಾಲ್ಕು ವರ್ಷ ಕಳೆದ ಸಾಲವನ್ನು, ಮುಖ್ಯ ಲೆಕ್ಕದಿಂದ ತೆಗೆದು ಬೇರೆ ಲೆಡ್ಜರಿಗೆ ಹಾಕುತ್ತದೆ. ಕಾನೂನಿನ ಪ್ರಕಾರ ಸಾಲಗಾರನ ಹೊಣೆ ಉಳಿದೇ ಇರುತ್ತದೆ. ಆದ್ದರಿಂದ "ರೈಟ್ ಆಫ್ ಅಂದರೆ ಮನ್ನಾ ಅಲ್ಲ" ಅಂತ ಸಚಿವರು ಹೇಳಿದರೆ ಅದು ನಿಜ. ಅಲ್ಲಿ ಜಗಳಕ್ಕೆ ನಿಲ್ಲಬೇಡಿ. "ಒಪ್ಪಿದೆವು, ಹಾಗಾದರೆ ಆಮೇಲೆ ವಸೂಲಾದದ್ದೆಷ್ಟು?" ಅಂತ ಕೇಳಿ. ಈ ಪ್ರಶ್ನೆಗೆ ಸರ್ಕಾರವೇ ಕೊಟ್ಟ ಉತ್ತರವಿದೆ. 2023ರ ಆಗಸ್ಟಿನಲ್ಲಿ ಲೋಕಸಭೆಗೆ ಹೇಳಿದಂತೆ, 2014-15ರಿಂದ 2022-23ರವರೆಗಿನ ಒಂಬತ್ತು ವರ್ಷದಲ್ಲಿ ವಾಣಿಜ್ಯ ಬ್ಯಾಂಕುಗಳು ರೈಟ್ ಆಫ್ ಮಾಡಿದ್ದು 14.56 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ದೊಡ್ಡ ಉದ್ದಿಮೆ ಮತ್ತು ಸೇವಾ ವಲಯದ ಸಾಲ 7.41 ಲಕ್ಷ ಕೋಟಿ, ಅರ್ಧಕ್ಕಿಂತ ಹೆಚ್ಚು. ರೈಟ್ ಆಫ್ ಆದ ಸಾಲಗಳಿಂದ ಆ ಅವಧಿಯಲ್ಲಿ ವಾಪಸ್ ಬಂದದ್ದು 2.04 ಲಕ್ಷ ಕೋಟಿ. ನೂರು ರೂಪಾಯಿಗೆ ಹದಿನಾಲ್ಕು.

ಮೂರನೆಯದು ಬಂಡವಾಳ ತುಂಬುವುದು. ಬ್ಯಾಂಕ್ ಉಳಿಸುವುದು ಅಂದರೆ ನಮ್ಮ ದೇಶದಲ್ಲಿ ಬಹುಪಾಲು ಇದೇ. ನಷ್ಟಕ್ಕೆ ತೆಗೆದಿಟ್ಟು ತೆಗೆದಿಟ್ಟು ಲಾಭ ಮುಗಿದು ಬಂಡವಾಳಕ್ಕೆ ಕೈಬಿದ್ದಾಗ ಬ್ಯಾಂಕ್ ಹೊಸ ಸಾಲ ಕೊಡಲಾಗದೆ ಕೂರುತ್ತದೆ. 2018ರಲ್ಲಿ 11 ಸಾರ್ವಜನಿಕ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿರ್ಬಂಧದ ಪಟ್ಟಿಯಲ್ಲಿದ್ದವು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಕೂಡ ಅದರಲ್ಲಿತ್ತು. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. 2016-17ರಿಂದ 2020-21ರ ಐದು ವರ್ಷದಲ್ಲಿ ಕೇಂದ್ರ ಸರ್ಕಾರ ಸಾರ್ವಜನಿಕ ಬ್ಯಾಂಕುಗಳಿಗೆ ತುಂಬಿದ್ದು 3,10,997 ಕೋಟಿ. ನೇರ ಬಜೆಟ್ ಹಣ 34,997 ಕೋಟಿ, ಉಳಿದ 2,76,000 ಕೋಟಿ ಬಾಂಡ್ ಮೂಲಕ.

ಈ ಬಾಂಡ್ ವ್ಯವಹಾರವನ್ನು ನಿಧಾನವಾಗಿ ಅರ್ಥ ಮಾಡಿಕೊಳ್ಳಿ. ಹೊಣೆ ಕಣ್ಣಿಗೆ ಬೀಳದೆ ಹೋಗುವುದು ಇಲ್ಲೇ. ಸರ್ಕಾರ ಬಾಂಡ್ ಹೊರಡಿಸುತ್ತದೆ. ಬ್ಯಾಂಕ್ ತನ್ನಲ್ಲಿರುವ ಠೇವಣಿ ಹಣದಿಂದ, ಅಂದರೆ ನಿಮ್ಮ ನನ್ನ ಹಣದಿಂದ, ಆ ಬಾಂಡ್ ಕೊಳ್ಳುತ್ತದೆ. ಸರ್ಕಾರ ಅದೇ ಹಣವನ್ನು ಷೇರು ಬಂಡವಾಳ ಅಂತ ಅದೇ ಬ್ಯಾಂಕಿಗೆ ವಾಪಸ್ ಹಾಕುತ್ತದೆ. ಆ ದಿನ ಖಜಾನೆಯಿಂದ ಒಂದು ರೂಪಾಯಿಯೂ ಹೊರಗೆ ಹೋಗುವುದಿಲ್ಲ, ವಿತ್ತೀಯ ಕೊರತೆಯ ಲೆಕ್ಕದಲ್ಲೂ ಅದು ಕಾಣುವುದಿಲ್ಲ. ಆದರೆ ಅಂದಿನಿಂದ ವರ್ಷ ವರ್ಷ ಬಡ್ಡಿ ಹೋಗುತ್ತದೆ, ಅವಧಿ ಮುಗಿದಾಗ ಅಸಲು ಹೋಗುತ್ತದೆ. ಎರಡೂ ತೆರಿಗೆ ಹಣ. ಕಡೂರು ಸಂತೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಕೊಂಡವರು ಕಟ್ಟಿದ ಜಿಎಸ್‌ಟಿಯೂ ಅದರಲ್ಲಿದೆ. ತುಂಬಿದ ಒಟ್ಟು 3,10,997 ಕೋಟಿಯನ್ನು 140 ಕೋಟಿ ಜನಕ್ಕೆ ಭಾಗಿಸಿದರೆ ತಲೆಗೆ ಸುಮಾರು 2,200 ರೂಪಾಯಿ, ಐದು ಜನರ ಮನೆಗೆ 11,000. ಸಭೆಯಲ್ಲಿ ಮಾತಾಡುವಾಗ ಲಕ್ಷ ಕೋಟಿಗಿಂತ ಈ ಅಂಕಿ ಹೇಳಿ, ಎಲ್ಲರಿಗೂ ತಟ್ಟುತ್ತದೆ.

ಬ್ಯಾಂಕ್ ಉಳಿಸಬಾರದಿತ್ತು ಅಂತ ನಾನು ಹೇಳುತ್ತಿಲ್ಲ. ಬ್ಯಾಂಕ್ ಮುಳುಗಿದರೆ ಮೊದಲು ಸಾಯುವುದು ಸಣ್ಣ ಠೇವಣಿದಾರ. 2019ರ ಸೆಪ್ಟೆಂಬರಿನಲ್ಲಿ ಮುಂಬೈಯ ಪಿಎಂಸಿ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಬಂದಾಗ ಹಣ ತೆಗೆಯಲು ಮೊದಲು ಕೊಟ್ಟ ಅನುಮತಿ ತಲೆಗೆ 1,000 ರೂಪಾಯಿ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ 35,000. ಪಿಂಚಣಿ ಹಣವನ್ನೆಲ್ಲ ಅಲ್ಲಿ ಇಟ್ಟವರು ಬಾಗಿಲಲ್ಲಿ ನಿಂತಿದ್ದರು. ಸಾರ್ವಜನಿಕ ಬ್ಯಾಂಕುಗಳಿಗೆ ಬಂಡವಾಳ ತುಂಬಿದ್ದರಿಂದ ಅಂಥ ಸ್ಥಿತಿ ಬರಲಿಲ್ಲ, ಆಮೇಲೆ ಅವು ಚೇತರಿಸಿಕೊಂಡು 2023-24ರಲ್ಲಿ ಒಟ್ಟು 1.41 ಲಕ್ಷ ಕೋಟಿ ನಿವ್ವಳ ಲಾಭ ಮಾಡಿದವು. ಉಳಿಸಿದ್ದು ಸರಿ. ಆದರೆ ಯಾವ ಷರತ್ತಿನ ಮೇಲೆ ಉಳಿಸಿದರು, ಮುಳುಗಿಸಿದವರಿಂದ ಏನು ಕಿತ್ತುಕೊಂಡರು, ಖರ್ಚನ್ನು ಯಾರ ತಲೆಗೆ ಕಟ್ಟಿದರು ಅನ್ನುವುದಕ್ಕೆ ಲೆಕ್ಕ ಬೇಕು.

ನಿಮ್ಮ ಸಂಸದರು ಯಾರು

ಇದು ಸುಲಭದ ಪ್ರಶ್ನೆ ಅಂತ ಅಂದುಕೊಳ್ಳಬೇಡಿ. ಕಡೂರು ಚಿಕ್ಕಮಗಳೂರು ಜಿಲ್ಲೆಯಲ್ಲಿದೆ, ಆದರೆ ಲೋಕಸಭೆಗೆ ಹಾಸನ ಕ್ಷೇತ್ರ. ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆ ವಿಧಾನಸಭಾ ಕ್ಷೇತ್ರದವರು ಉಡುಪಿ-ಚಿಕ್ಕಮಗಳೂರಿಗೆ ಸೇರುತ್ತಾರೆ. ಕಡೂರಿನವರು ಉಡುಪಿ ಸಂಸದರಿಗೆ ಪತ್ರ ಹಾಕಿದರೆ "ನಮ್ಮ ಕ್ಷೇತ್ರದ್ದಲ್ಲ" ಅಂತ ಅದು ಪಕ್ಕಕ್ಕೆ ಹೋಗುತ್ತದೆ.

ಇನ್ನೊಂದು ಸಂಗತಿ. ಮಂತ್ರಿಯಾದವರು ಸದನದಲ್ಲಿ ಪ್ರಶ್ನೆ ಹಾಕುವುದಿಲ್ಲ, ಉತ್ತರ ಹೇಳುತ್ತಾರೆ. ನಿಮ್ಮ ಸಂಸದರು ಕೇಂದ್ರ ಮಂತ್ರಿಯಾಗಿದ್ದರೆ ಕರ್ನಾಟಕದಿಂದ ರಾಜ್ಯಸಭೆಗೆ ಹೋದ 12 ಜನರಲ್ಲಿ ಒಬ್ಬರಿಗೆ ಬರೆಯಿರಿ.

ಬ್ಯಾಂಕಿನ ಹೊಣೆ ರಾಜಕೀಯದವರದಲ್ಲ ಅನ್ನುವ ವಾದ ನಮ್ಮ ಜಿಲ್ಲೆಯಲ್ಲಂತೂ ನಿಲ್ಲಬಾರದು. 1969ರ ಜುಲೈ 19ರಂದು 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದ ಇಂದಿರಾ ಗಾಂಧಿಯವರನ್ನು 1978ರ ಉಪಚುನಾವಣೆಯಲ್ಲಿ ಗೆಲ್ಲಿಸಿ ಲೋಕಸಭೆಗೆ ಕಳಿಸಿದ್ದು ಚಿಕ್ಕಮಗಳೂರು. ಬ್ಯಾಂಕ್ ಸರ್ಕಾರದ್ದಾದದ್ದು ರಾಜಕೀಯ ತೀರ್ಮಾನ, ಹಳ್ಳಿಗೆ ಶಾಖೆ ಬಂದದ್ದು ಆ ತೀರ್ಮಾನದಿಂದ. ಇವತ್ತಿಗೂ ಸಾರ್ವಜನಿಕ ಬ್ಯಾಂಕಿನ ಎಂ.ಡಿ.ಯನ್ನು ನೇಮಿಸುವುದು ಕೇಂದ್ರ ಸರ್ಕಾರ, ಆಡಳಿತ ಮಂಡಳಿಯಲ್ಲಿ ಸರ್ಕಾರದ ಪ್ರತಿನಿಧಿಯೊಬ್ಬರು ನಿರ್ದೇಶಕರಾಗಿ ಕೂತಿರುತ್ತಾರೆ. ನೇಮಿಸುವವರು ಸರ್ಕಾರದವರು, ಮಂಡಳಿಯಲ್ಲಿ ಕೂರುವವರು ಅವರ ಕಡೆಯವರು, ಮುಳುಗಿದಾಗ ದುಡ್ಡು ತರುವವರೂ ಅವರೇ. ಹೊಣೆ ಮಾತ್ರ ಯಾರದ್ದೂ ಅಲ್ಲ ಅಂದರೆ ಒಪ್ಪಬೇಡಿ.

ಉತ್ತರ ಆಗಲೇ ಇದೆಯೇ ಹುಡುಕಿ

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಸಂಸತ್ತಿನ ವೆಬ್‌ಸೈಟಿನಲ್ಲಿ ಲೋಕಸಭೆ, ರಾಜ್ಯಸಭೆಗಳ ಪ್ರಶ್ನೋತ್ತರಗಳನ್ನು ಸದಸ್ಯರ ಹೆಸರು, ಸಚಿವಾಲಯ, ವಿಷಯ ಹಾಕಿ ಹುಡುಕಬಹುದು. ಸಚಿವಾಲಯ ಹಣಕಾಸು ಅಂತ ಆರಿಸಿ, ರೈಟ್ ಆಫ್, ಮರುಬಂಡವಾಳ, ಉದ್ದೇಶಪೂರ್ವಕ ಸುಸ್ತಿದಾರರು ಇವುಗಳಿಗೆ ಇಂಗ್ಲಿಷಿನಲ್ಲಿ ಬಳಸುವ ಪದ ಹಾಕಿ ಹುಡುಕಿ. ಕಾಲೇಜಿಗೆ ಹೋಗುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಕೆಲಸ ಬೇಗ ಆಗುತ್ತದೆ, ಅವರೂ ಕಲಿಯುತ್ತಾರೆ. ನಿಮ್ಮ ಸಂಸದರ ಹೆಸರನ್ನೂ ಹಾಕಿ ನೋಡಿ. ಬ್ಯಾಂಕುಗಳ ಬಗ್ಗೆ ಅವರು ಇದುವರೆಗೆ ಏನೇನು ಕೇಳಿದ್ದಾರೆ ಅನ್ನುವ ಪಟ್ಟಿ ನಿಮ್ಮ ಪತ್ರದ ಮೊದಲ ಸಾಲಾಗಲಿ. ಕೇಳಿದ್ದರೆ ಮೆಚ್ಚಿ ಬರೆಯಿರಿ, ಕೇಳದಿದ್ದರೆ ಅದನ್ನೂ ಬರೆಯಿರಿ.

ಬಜೆಟ್ ಕಡತಗಳಲ್ಲಿ ಎರಡು ಜಾಗ ನೋಡಿ. ಹಣಕಾಸು ಸಚಿವಾಲಯದ ಹಣಕಾಸು ಸೇವೆಗಳ ಇಲಾಖೆಯ ಬೇಡಿಕೆಯಲ್ಲಿ ಸಾರ್ವಜನಿಕ ಬ್ಯಾಂಕುಗಳ ಮರುಬಂಡವಾಳ ಅನ್ನುವ ಬಾಬ್ತು ಇರುತ್ತದೆ. ವರ್ಷದ ನಡುವೆ ಬರುವ ಪೂರಕ ಬೇಡಿಕೆಗಳನ್ನೂ ಬಿಡಬೇಡಿ: 2018ರ ಜನವರಿಯಲ್ಲಿ 80,000 ಕೋಟಿಯ ಬಾಂಡ್‌ಗೆ ಒಪ್ಪಿಗೆ ಸಿಕ್ಕಿದ್ದು ಪೂರಕ ಬೇಡಿಕೆಯಲ್ಲಿ. ಇನ್ನೊಂದು ಜಾಗ ರಸೀದಿ ಬಜೆಟ್ಟಿನ ಅನುಬಂಧ. ತೆರಿಗೆ ರಿಯಾಯಿತಿಯಿಂದ ಸರ್ಕಾರ ಬಿಟ್ಟುಕೊಟ್ಟ ಆದಾಯದ ಪಟ್ಟಿ ಅಲ್ಲಿದೆ. ಬ್ಯಾಂಕಿನ ಮಾತಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳುತ್ತೀರಿ. ಬಂಡವಾಳ ತುಂಬಿದ ಆ ವರ್ಷಗಳಲ್ಲೇ, 2019ರ ಸೆಪ್ಟೆಂಬರಿನಲ್ಲಿ, ಕಂಪನಿ ತೆರಿಗೆಯ ಮೂಲ ದರವನ್ನು 30ರಿಂದ 22ಕ್ಕೆ ಇಳಿಸಿದರು. ಆದಾಯ ನಷ್ಟ ವರ್ಷಕ್ಕೆ 1.45 ಲಕ್ಷ ಕೋಟಿ ಅಂತ ಆಗ ಸರ್ಕಾರವೇ ಅಂದಾಜು ಮಾಡಿತ್ತು. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್ಟಿನಲ್ಲೇ ತೆಗೆದಿದ್ದರು. ಬ್ಯಾಂಕಿನ ನಷ್ಟಕ್ಕೆ ಎಲ್ಲರೂ ಹೆಗಲು ಕೊಟ್ಟ ಕಾಲದಲ್ಲೇ ಮೇಲಿನವರ ಹೆಗಲ ಭಾರ ಇಳಿಯಿತು. ಅಸಮಾನತೆಯ ಅಧ್ಯಯನ ಮಾಡುವ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್ 2024ರಲ್ಲಿ ಲೆಕ್ಕ ಹಾಕಿದ ಹಾಗೆ 2022-23ರಲ್ಲಿ ದೇಶದ ಆದಾಯದ ಶೇ. 22.6, ಸಂಪತ್ತಿನ ಶೇ. 40.1 ಮೇಲಿನ ನೂರಕ್ಕೆ ಒಬ್ಬರ ಕೈಯಲ್ಲಿದೆ. ಇದು ತಾನಾಗಿ ಆದದ್ದಲ್ಲ. ಒಂದೊಂದು ತೀರ್ಮಾನಕ್ಕೂ ತಾರೀಖಿದೆ, ಸಹಿಯಿದೆ.

ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯನ್ನೂ ಓದಿ. ಸಾರ್ವಜನಿಕ ಬ್ಯಾಂಕುಗಳಿಗೆ ಬಂಡವಾಳ ತುಂಬಿದ್ದರ ಬಗ್ಗೆ 2017ರ 28ನೇ ವರದಿ ಸಂಸತ್ತಿನ ಮುಂದೆ ಬಂತು. 2008-09ರಿಂದ 2016-17ರವರೆಗೆ 1,18,724 ಕೋಟಿ ಹಾಕಲಾಗಿತ್ತು. ಕೆಲವು ಸಂದರ್ಭಗಳಲ್ಲಿ ಯಾವ ಬ್ಯಾಂಕಿಗೆ ಎಷ್ಟು ಅನ್ನುವುದಕ್ಕೆ ಕಾರಣ ಕಡತದಲ್ಲಿ ಸಿಗಲಿಲ್ಲ ಅಂತ ಆ ವರದಿ ಬರೆದಿದೆ. ನನಗೆ ಇದನ್ನು ಓದಿದಾಗ ಬಹಳ ನೋವಾಯಿತು. ಕಡೂರಿನ ಶಾಖೆಯಲ್ಲಿ ಐವತ್ತು ಸಾವಿರದ ಹಸು ಸಾಲಕ್ಕೂ ಯಾಕೆ ಮಂಜೂರು ಮಾಡಿದೆ ಅಂತ ಅರ್ಧ ಪುಟ ಬರೆಯದೆ ನಾವು ಸಹಿ ಹಾಕುತ್ತಿರಲಿಲ್ಲ.

ಬ್ಯಾಂಕಿಗೆ ಆರ್‌ಟಿಐ ಅರ್ಜಿ

ಎಷ್ಟು ಅನ್ನುವುದನ್ನು ಬ್ಯಾಂಕಿಗೆ ಕೇಳಿ, ಯಾಕೆ ಅನ್ನುವುದನ್ನು ಸಂಸದರಿಗೆ ಕೇಳಿ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಮಾಹಿತಿ ಅಂದರೆ ಕಡತದಲ್ಲಿ ಇರುವಂಥದ್ದು. "ಯಾಕೆ ಕೊಟ್ಟಿರಿ, ಸರಿಯೇ?" ಅಂದರೆ ಅರ್ಜಿ ತಿರಸ್ಕೃತವಾಗುತ್ತದೆ. "ಎಷ್ಟು, ಯಾವ ವರ್ಷ, ಯಾವ ಕಡತ, ಪ್ರತಿ ಕೊಡಿ" ಅಂದರೆ ಉತ್ತರ ಬರುತ್ತದೆ.

ಸಾರ್ವಜನಿಕ ಬ್ಯಾಂಕ್ ಈ ಕಾಯ್ದೆಗೆ ಒಳಪಡುತ್ತದೆ, ಖಾಸಗಿ ಬ್ಯಾಂಕ್ ಒಳಪಡುವುದಿಲ್ಲ. ಅರ್ಜಿ ಕನ್ನಡದಲ್ಲೇ ಬರೆಯಬಹುದು, ಸೆಕ್ಷನ್ 6(1) ಆ ಪ್ರದೇಶದ ಅಧಿಕೃತ ಭಾಷೆಗೆ ಅವಕಾಶ ಕೊಡುತ್ತದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಇಲ್ಲ. ಪೋಸ್ಟಲ್ ಆರ್ಡರ್ ಯಾರ ಹೆಸರಿಗೆ, ಮಾಹಿತಿ ಅಧಿಕಾರಿಯ ವಿಳಾಸ ಯಾವುದು ಅನ್ನುವುದು ಬ್ಯಾಂಕಿನ ವೆಬ್‌ಸೈಟಿನ ಆರ್‌ಟಿಐ ಪುಟದಲ್ಲಿರುತ್ತದೆ. ನಾನು ಬರೆದುಕೊಡುವ ಅರ್ಜಿಯ ಒಡಲು ಹೀಗಿರುತ್ತದೆ:

"2019-20ರಿಂದ 2023-24ರವರೆಗೆ, ವರ್ಷವಾರು ಕೆಳಗಿನ ಮಾಹಿತಿ ಒದಗಿಸಬೇಕು. ಬ್ಯಾಂಕ್ ರೈಟ್ ಆಫ್ ಮಾಡಿದ ಸಾಲದ ಮೊತ್ತ ಮತ್ತು ಖಾತೆಗಳ ಸಂಖ್ಯೆ: 5 ಲಕ್ಷದವರೆಗೆ, 5 ಲಕ್ಷದಿಂದ 1 ಕೋಟಿ, 1ರಿಂದ 100 ಕೋಟಿ, 100 ಕೋಟಿಗೂ ಹೆಚ್ಚು ಎಂದು ವಿಂಗಡಿಸಿ. ಹೀಗೆ ರೈಟ್ ಆಫ್ ಆದ ಸಾಲಗಳಿಂದ ವಸೂಲಾದ ಮೊತ್ತ, ಅದೇ ವಿಂಗಡಣೆಯಲ್ಲಿ. ಕೇಂದ್ರ ಸರ್ಕಾರದಿಂದ ಬಂದ ಬಂಡವಾಳ, ನಗದು ಮತ್ತು ಬಾಂಡ್ ಎಂದು ಬೇರೆಬೇರೆಯಾಗಿ. ಈ ವಿಂಗಡಣೆಯಲ್ಲಿ ಅಂಕಿ ಇಲ್ಲದಿದ್ದರೆ ತಮ್ಮ ಕಡತದಲ್ಲಿ ಯಾವ ವಿಂಗಡಣೆಯಲ್ಲಿ ಇದೆಯೋ ಅದರಲ್ಲೇ ಕೊಡಬೇಕು."

ಕೊನೆಯ ವಾಕ್ಯ ಬಿಡಬೇಡಿ. ಅದಿಲ್ಲದಿದ್ದರೆ "ಈ ರೂಪದಲ್ಲಿ ಮಾಹಿತಿ ಲಭ್ಯವಿಲ್ಲ" ಅನ್ನುವ ಒಂದು ಸಾಲಿನ ಉತ್ತರ ಬರುತ್ತದೆ. ಊರಿನ ಯಾರದೋ ಖಾತೆಯ ವಿವರ ಕೇಳಬೇಡಿ. ಅದು ಸಿಗುವುದೂ ಇಲ್ಲ, ಸಿಗಬಾರದು ಕೂಡ. ದೊಡ್ಡ ಸುಸ್ತಿದಾರರ ಹೆಸರು ಬೇಕಿದ್ದರೆ, ಬ್ಯಾಂಕುಗಳು ಕೋರ್ಟಿಗೆ ಹೋದ ಪ್ರಕರಣಗಳ ಪಟ್ಟಿಯನ್ನು, ಸಾಲಗಾರರ ದಾಖಲೆ ಇಡುವ ಸಿಬಿಲ್ ಸಂಸ್ಥೆ ತನ್ನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದೆ: 1 ಕೋಟಿ ಮತ್ತು ಮೇಲಿನ ಬಾಕಿದಾರರು, 25 ಲಕ್ಷ ಮತ್ತು ಮೇಲಿನ ಉದ್ದೇಶಪೂರ್ವಕ ಸುಸ್ತಿದಾರರು.

30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಅದೇ ಬ್ಯಾಂಕಿನ ಮೇಲ್ಮನವಿ ಅಧಿಕಾರಿಗೆ, ಅಲ್ಲೂ ಆಗದಿದ್ದರೆ 90 ದಿನದೊಳಗೆ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ. ನಂಬಿಕೆಯ ಸಂಬಂಧದಲ್ಲಿ ಬಂದ ಮಾಹಿತಿ, ಕೊಡಲಾಗದು ಅಂತ ಸೆಕ್ಷನ್ 8(1)(ಇ) ತೋರಿಸಿದರೆ, ಮೇಲ್ಮನವಿಯಲ್ಲಿ ರಿಸರ್ವ್ ಬ್ಯಾಂಕ್ ಮತ್ತು ಜಯಂತಿಲಾಲ್ ಎನ್. ಮಿಸ್ತ್ರಿ ನಡುವಿನ ಪ್ರಕರಣವನ್ನು ಕಾಣಿಸಿ. 2015ರ ಡಿಸೆಂಬರ್ 16ರಂದು ಸುಪ್ರೀಂ ಕೋರ್ಟ್, ರಿಸರ್ವ್ ಬ್ಯಾಂಕಿಗೂ ಬೇರೆ ಬ್ಯಾಂಕುಗಳಿಗೂ ಅಂಥ ನಂಬಿಕೆಯ ಸಂಬಂಧವಿಲ್ಲ, ರಿಸರ್ವ್ ಬ್ಯಾಂಕ್ ಎತ್ತಿಹಿಡಿಯಬೇಕಾದದ್ದು ಸಾರ್ವಜನಿಕ ಹಿತವನ್ನು ಅಂತ ಹೇಳಿದೆ.

2018ರ ಮನ್ನಾದಲ್ಲಿ ರೈತ ಆಧಾರ್, ರೇಷನ್ ಕಾರ್ಡ್, ಪಹಣಿ ತಂದು, ಸ್ವಯಂ ಘೋಷಣೆಗೆ ಸಹಿ ಹಾಕಬೇಕಿತ್ತು. 2008ರ ಮನ್ನಾವನ್ನು ಸಿಎಜಿ ಪರಿಶೀಲಿಸಿ ಅನರ್ಹರು ಸೇರಿದ್ದನ್ನೂ ಅರ್ಹರು ಬಿಟ್ಟುಹೋದದ್ದನ್ನೂ 2013ರಲ್ಲಿ ಬಯಲಿಗೆ ತಂದಿತು. ಆ ಪರಿಶೀಲನೆ ಆಗಬೇಕಾದದ್ದೇ. ರೈತನಿಗೆ ಹಿಡಿದ ಆ ದೀಪವನ್ನೇ ನೂರು ಕೋಟಿಯವರಿಗೂ ಹಿಡಿಯಿರಿ ಅಂತ ಕೇಳುವುದರಲ್ಲಿ ಯಾವ ಅತಿಯೂ ಇಲ್ಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಾಫಿ ಬೆಳೆಗಾರರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಕೋರ್ಟಿಗೆ ಹೋಗದೆ ಅಡವಿನ ಆಸ್ತಿ ವಶಪಡಿಸಿಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯ 31(ಐ) ಕೃಷಿ ಭೂಮಿಯನ್ನು ಹೊರಗಿಟ್ಟಿದೆ, ಆದರೂ ತೋಟಗಳಿಗೆ ಹರಾಜು ನೋಟೀಸು ಬಂದಿವೆ. ಅವರು ತಮ್ಮ ಪತ್ರದಲ್ಲಿ ಅದನ್ನೂ ಒಂದು ಪ್ರಶ್ನೆ ಮಾಡಲಿ.

ಸಂಸದರಿಗೆ ಪತ್ರ

ಲೋಕಸಭೆಯಲ್ಲಿ ದಿನಕ್ಕೆ ಬಾಯಲ್ಲಿ ಉತ್ತರಿಸುವ ಚುಕ್ಕೆ ಗುರುತಿನ ಪ್ರಶ್ನೆ 20, ಲಿಖಿತ ಉತ್ತರದ ಚುಕ್ಕೆ ಗುರುತಿಲ್ಲದ ಪ್ರಶ್ನೆ 230. ನೀವು ಕೇಳಬೇಕಾದದ್ದು ಎರಡನೆಯದು. ಚುಕ್ಕೆ ಗುರುತಿನದಕ್ಕೆ ಟಿವಿಯಲ್ಲಿ ಬರುವ ಗೌರವ ಇರಬಹುದು, ಆದರೆ ವರ್ಷವಾರು ಪಟ್ಟಿ ಸಿಗುವುದು ಲಿಖಿತ ಉತ್ತರದಲ್ಲಿ. ಪ್ರಶ್ನೆ 150 ಪದ ಮೀರಬಾರದು, ನೋಟಿಸಿಗೆ 15 ದಿನ ಬೇಕು. ಪ್ರಶ್ನೆಯನ್ನು ನೀವೇ ಸಿದ್ಧ ಮಾಡಿಕೊಟ್ಟರೆ ಅವರ ಆಪ್ತ ಸಹಾಯಕರಿಗೆ ಅದನ್ನು ಟೈಪ್ ಮಾಡಿ ಕಳಿಸುವುದಷ್ಟೇ ಕೆಲಸ. ನಾನು ಸೂಚಿಸುವ ಪ್ರಶ್ನೆ ಇದು:

"(ಅ) 2016-17ರಿಂದ 2020-21ರವರೆಗೆ ಸಾರ್ವಜನಿಕ ಬ್ಯಾಂಕುಗಳಿಗೆ ತುಂಬಿದ ಬಂಡವಾಳವನ್ನು ಬ್ಯಾಂಕುಗಳ ನಡುವೆ ಹಂಚಲು ಅನುಸರಿಸಿದ ಮಾನದಂಡವೇನು, (ಆ) ಮರುಬಂಡವಾಳ ಬಾಂಡ್‌ಗಳ ಮೇಲೆ ಇದುವರೆಗೆ ಕಟ್ಟಿದ ಬಡ್ಡಿ ವರ್ಷವಾರು ಎಷ್ಟು, ಅಸಲು ತೀರುವುದು ಯಾವಾಗ, (ಇ) 100 ಕೋಟಿಗೂ ಮೇಲಿನ ರೈಟ್ ಆಫ್ ಸಾಲಗಳ ಸಂಖ್ಯೆ, ಮೊತ್ತ, ವಸೂಲಾತಿ, (ಈ) ಈ ಸಾಲಗಳನ್ನು ಮಂಜೂರು ಮಾಡಿದ ಹಿರಿಯ ಅಧಿಕಾರಿಗಳು ಮತ್ತು ನಿರ್ದೇಶಕರ ಮೇಲೆ ಹೊಣೆ ನಿಗದಿಯಾದ ಪ್ರಕರಣಗಳೆಷ್ಟು?"

ಇದರ ಕೆಳಗೆ ಸಂಸದರಿಗೇ ಒಂದು ಪ್ರಶ್ನೆ ಇಡಿ: "ಬಂಡವಾಳ ತುಂಬುವ ಬೇಡಿಕೆ ಸದನಕ್ಕೆ ಬಂದಾಗ ತಾವು, ಅಥವಾ ತಮ್ಮ ಪಕ್ಷ, ಯಾವ ನಿಲುವು ತೆಗೆದುಕೊಂಡಿರಿ?" ಅನುದಾನದ ಬೇಡಿಕೆಗಳಿಗೆ ನಮ್ಮಲ್ಲಿ ಹೆಚ್ಚಾಗಿ ಧ್ವನಿ ಮತದಲ್ಲೇ ಒಪ್ಪಿಗೆ ಸಿಗುತ್ತದೆ, ಯಾರು ಹೌದು ಅಂದರು ಅನ್ನುವುದು ದಾಖಲಾಗುವುದಿಲ್ಲ. ಅಮೆರಿಕದಲ್ಲಿ 2008ರಲ್ಲಿ 70,000 ಕೋಟಿ ಡಾಲರಿನ ಬ್ಯಾಂಕ್ ರಕ್ಷಣೆಯ ಮಸೂದೆಯನ್ನು ಕೆಳಮನೆ ಸೆಪ್ಟೆಂಬರ್ 29ರಂದು 228-205ರಲ್ಲಿ ಸೋಲಿಸಿತು, ತಿದ್ದಿ ತಂದ ಮೇಲೆ ಅಕ್ಟೋಬರ್ 3ರಂದು ಒಪ್ಪಿತು. ಯಾವ ಪ್ರತಿನಿಧಿ ಎತ್ತ ಮತ ಹಾಕಿದರು ಅಂತ ಇವತ್ತೂ ಓದಬಹುದು. ಐಸ್‌ಲ್ಯಾಂಡ್ ಇನ್ನೂ ಮುಂದೆ ಹೋಯಿತು. ಬ್ಯಾಂಕುಗಳು ಕುಸಿದಾಗ ಪ್ರಧಾನಿಯಾಗಿದ್ದ ಗೇರ್ ಹಾರ್ಡೆಯವರನ್ನು ವಿಶೇಷ ನ್ಯಾಯಾಲಯದ ಮುಂದೆ ನಿಲ್ಲಿಸಿತು. 2012ರಲ್ಲಿ ಒಂದು ಆರೋಪದಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು, ಅಪಾಯದ ವಿಷಯಕ್ಕೆ ಸಂಪುಟ ಸಭೆ ಕರೆಯಲಿಲ್ಲ ಅಂತ. ಶಿಕ್ಷೆ ಕೊಡಲಿಲ್ಲ. ಆದರೂ ಕೇಳಿದರು, ಪ್ರಧಾನಿ ಉತ್ತರ ಹೇಳಬೇಕಾಯಿತು.

ಪತ್ರ ಒಬ್ಬರ ಸಹಿಯಲ್ಲಿ ಹೋಗುವುದಕ್ಕಿಂತ ಸಂಘದ ಲೆಟರ್‌ಹೆಡ್ಡಿನಲ್ಲಿ ಹೋಗಲಿ. ಸ್ತ್ರೀಶಕ್ತಿ ಸಂಘ, ಹಾಲಿನ ಡೈರಿ, ವ್ಯವಸಾಯ ಸೇವಾ ಸಹಕಾರ ಸಂಘ ಯಾವುದಾದರೂ ಸರಿ. ಒಂದು ಪಕ್ಷದ ಪರವಾಗಿ ಮಾತ್ರ ಬರೆಯಬೇಡಿ. ಹಾಗೆ ಬರೆದರೆ ಸತ್ಯವೂ ಆಗುವುದಿಲ್ಲ. ಕೆಟ್ಟ ಸಾಲಗಳಲ್ಲಿ ಹೆಚ್ಚಿನವು ಹುಟ್ಟಿದ್ದು 2006ರಿಂದ 2008ರ ನಡುವೆ ಅಂತ ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ರಘುರಾಮ್ ರಾಜನ್ 2018ರಲ್ಲಿ ಮುರಳಿ ಮನೋಹರ ಜೋಶಿ ಅಧ್ಯಕ್ಷತೆಯ ಸಂಸತ್ತಿನ ಅಂದಾಜು ಸಮಿತಿಗೆ ಬರೆದು ಕೊಟ್ಟರು. ಅದು ಯುಪಿಎ ಕಾಲ. ಬಂಡವಾಳದ ದೊಡ್ಡ ಪಾಲು ತುಂಬಿದ್ದು, ರೈಟ್ ಆಫ್‌ನ ದೊಡ್ಡ ಪಾಲು ನಡೆದದ್ದು, ಕಂಪನಿ ತೆರಿಗೆ ಇಳಿದದ್ದು ಎನ್‌ಡಿಎ ಕಾಲ. ಇಬ್ಬರಿಗೂ ಅದೇ ಪ್ರಶ್ನೆ ಕೇಳಿ.

ಕೇಳಿದರೆ ಏನಾಗುತ್ತದೆ ಅನ್ನುವವರಿಗೆ ಒಂದು ಉದಾಹರಣೆ. 2017ರ ಆಗಸ್ಟಿನಲ್ಲಿ ಎಫ್‌ಆರ್‌ಡಿಐ ಮಸೂದೆ ಲೋಕಸಭೆಗೆ ಬಂತು. ಬ್ಯಾಂಕ್ ಮುಳುಗುವ ಹೊತ್ತಿಗೆ ಠೇವಣಿದಾರರ ಹಣವನ್ನೇ ಅದರ ರಕ್ಷಣೆಗೆ ಬಳಸಲು ದಾರಿ ಮಾಡುವ ಬೇಲ್-ಇನ್ ಕಲಮು ಅದರಲ್ಲಿತ್ತು. ಬ್ಯಾಂಕ್ ನೌಕರರ ಸಂಘಗಳು, ಪಿಂಚಣಿದಾರರು, ಸಾಮಾನ್ಯ ಠೇವಣಿದಾರರು ದೇಶದ ತುಂಬ ವಿರೋಧಿಸಿದರು. 2018ರ ಆಗಸ್ಟಿನಲ್ಲಿ ಸರ್ಕಾರ ಮಸೂದೆ ವಾಪಸ್ ತೆಗೆದುಕೊಂಡಿತು.

ಜಿಲ್ಲೆಯೊಳಗೆ ಕೇಳುವುದು

ದೆಹಲಿಯ ಉತ್ತರ ಬರುವವರೆಗೆ ಸುಮ್ಮನೆ ಕೂರಬೇಕಿಲ್ಲ. ಪ್ರತಿ ಜಿಲ್ಲೆಗೂ ಒಂದು ಲೀಡ್ ಬ್ಯಾಂಕ್ ಇದೆ, ಅದರ ಮ್ಯಾನೇಜರ್ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಸಭೆ ನಡೆಸುತ್ತಾರೆ, ಆ ಸಭೆಗೆ ಸಂಸದರಿಗೂ ಶಾಸಕರಿಗೂ ಆಹ್ವಾನ ಇರುತ್ತದೆ. ಅಲ್ಲಿ ಮಂಡಿಸುವ ಪಟ್ಟಿಯಲ್ಲಿ ಸಾಲ-ಠೇವಣಿ ಅನುಪಾತ ಅನ್ನುವ ಅಂಕಣವಿದೆ. ನಮ್ಮ ಜಿಲ್ಲೆಯ ಜನ ಇಟ್ಟ ನೂರು ರೂಪಾಯಿ ಠೇವಣಿಯಲ್ಲಿ ಎಷ್ಟು ರೂಪಾಯಿ ನಮ್ಮ ಜಿಲ್ಲೆಗೇ ಸಾಲವಾಗಿ ಬಂತು ಅನ್ನುವ ಲೆಕ್ಕ ಅದು. ಉಳಿದದ್ದು ಹೊರಗೆ ಹೋಯಿತು. ನನ್ನ ದೃಷ್ಟಿಯಲ್ಲಿ ಅಸಮಾನತೆಯನ್ನು ಇಷ್ಟು ನೇರವಾಗಿ ತೋರಿಸುವ ಅಂಕಿ ಬ್ಯಾಂಕಿನಲ್ಲಿ ಇನ್ನೊಂದಿಲ್ಲ. ಸಣ್ಣವರ ಠೇವಣಿ ಮೇಲಕ್ಕೆ ಹೋಗಿ ದೊಡ್ಡವರ ಸಾಲವಾಗುತ್ತದೆ, ಆ ಸಾಲ ಮುಳುಗಿದರೆ ಸಣ್ಣವರ ತೆರಿಗೆ ಅದನ್ನು ತುಂಬುತ್ತದೆ. ಅನುಪಾತ ಶೇ. 40ಕ್ಕಿಂತ ಕಡಿಮೆ ಇರುವ ಜಿಲ್ಲೆಯಲ್ಲಿ ವಿಶೇಷ ಉಪಸಮಿತಿ ಮಾಡಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಜಿಲ್ಲೆಯ ಒಟ್ಟು ಅಂಕಿ ಚೆನ್ನಾಗಿ ಕಂಡರೂ ಸಮಾಧಾನ ಬೇಡ. ತಾಲ್ಲೂಕುವಾರು ಕೇಳಿ. ಕಾಫಿ ತಾಲ್ಲೂಕಿನ ದೊಡ್ಡ ಸಾಲಗಳು ಸೇರಿದರೆ ಕಡೂರಿನ ಬಯಲುಸೀಮೆಯ ಕೊರತೆ ಒಟ್ಟು ಲೆಕ್ಕದಲ್ಲಿ ಮುಚ್ಚಿಹೋಗಬಹುದು.

ಸಭೆಯ ನಡಾವಳಿಯ ಪ್ರತಿಯನ್ನು ಲೀಡ್ ಬ್ಯಾಂಕಿಗೆ ಇನ್ನೊಂದು ಆರ್‌ಟಿಐ ಹಾಕಿ ಪಡೆಯಬಹುದು. ಹಾಜರಾತಿ ಪುಟವನ್ನೂ ಕೇಳಿ. ಸಂಸದರು ಬಂದಿದ್ದರೇ, ಅವರ ಪರವಾಗಿ ಯಾರು ಬಂದಿದ್ದರು, ಏನು ಕೇಳಿದರು ಅನ್ನುವುದು ಅಲ್ಲಿರುತ್ತದೆ. ನಿಮ್ಮ ಮುಂದಿನ ಪತ್ರಕ್ಕೆ ಆ ಪುಟದ ಜೆರಾಕ್ಸ್ ಲಗತ್ತಿಸಿ.

ಪತ್ರವನ್ನು ಸಂಸದರ ಕ್ಷೇತ್ರ ಕಚೇರಿಗೆ ಕೈಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಇನ್ನೊಂದು ಪ್ರತಿಯನ್ನು ದೆಹಲಿ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ. ಅಧಿವೇಶನದ ದಿನಾಂಕ ಪ್ರಕಟವಾದ ವಾರವೇ ಹಾಕಿ, ನೋಟಿಸಿನ 15 ದಿನ ಅದರೊಳಗೆ ಹೊಂದಬೇಕು. ಅಧಿವೇಶನ ಮುಗಿದ ಮೇಲೆ ಸಂಸತ್ತಿನ ವೆಬ್‌ಸೈಟಿನಲ್ಲಿ ಅವರ ಹೆಸರು ಹಾಕಿ ನೋಡಿ. ಪ್ರಶ್ನೆ ಕಂಡರೆ ಉತ್ತರವನ್ನು ಪ್ರಿಂಟ್ ಹಾಕಿ ಡೈರಿ ಮುಂದೆ, ಗ್ರಾಮ ಪಂಚಾಯಿತಿ ಬೋರ್ಡಿನ ಪಕ್ಕ ಅಂಟಿಸಿ. ಕಾಣದಿದ್ದರೆ ಅದೇ ಪತ್ರವನ್ನು ಹೊಸ ತಾರೀಖು ಹಾಕಿ, ಹಳೆಯ ಸ್ವೀಕೃತಿಯ ಪ್ರತಿ ಇಟ್ಟು ಮತ್ತೆ ಕಳಿಸಿ, ಅದರ ಪ್ರತಿಯೊಂದನ್ನು ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿಗೂ ಹಾಕಿ. ಕಡೂರು ಕಡೆಯವರು ಬರೆಯಲು ತೊಡಕಾದರೆ ನೋಟೀಸು, ಪಾಸ್‌ಬುಕ್ ಎರಡನ್ನೂ ಹಿಡಿದು ಮನೆಗೆ ಬನ್ನಿ, ಕೂತು ಬರೆಯೋಣ.